ಮಂಡಿಯ ಗೋಡೆ ಒಣಗಿರಲಿಲ್ಲ

ಕುಸುಮಾ, ಆ ಗೋಡೆಯ ಚಿತ್ರ ಉದುರಿದ್ದು ನಿನ್ನ ತಪ್ಪಿನಿಂದಲ್ಲ. ನನ್ನಿಂದ. ಗೋಡೆಯೊಳಗೆ ಇನ್ನೂ ಎಣ್ಣೆ ಇದೆ ಅಂತ ನನಗೆ ಗೊತ್ತಿತ್ತು. ಅನುಮಾನವಲ್ಲ — ಪರೀಕ್ಷೆ ಮಾಡಿ, ಕಣ್ಣಾರೆ ಕಂಡು, ಆಮೇಲೆ ನಿನ್ನ ಹತ್ತಿರ ಬಂದು "ಗೋಡೆ ಒಣಗಿದೆ ಕಣೇ, ನೀನು ಶುರು ಮಾಡು" ಅಂದವಳು ನಾನು. ಇಪ್ಪತ್ತೈದು ವರ್ಷಕ್ಕೆ ಬಂತು. ಈ ಮಾತನ್ನು ಯಾರಿಗೂ ಹೇಳಿಲ್ಲ, ಕಟ್ಟಿಕೊಂಡ ಗಂಡನಿಗೂ ಹೇಳಿಲ್ಲ.

ಇನ್ನೊಂದನ್ನೂ ಮೊದಲೇ ಹೇಳಿಬಿಡುತ್ತೇನೆ. ನಿನ್ನನ್ನು ಕಂಡರೆ ನನಗೆ ಆಗಲೂ ಆಗುತ್ತಿರಲಿಲ್ಲ, ಈಗಲೂ ಆಗುವುದಿಲ್ಲ. ತಪ್ಪು ಒಪ್ಪಿಕೊಳ್ಳುವವರು ಗಳಗಳ ಅತ್ತು, ಎದುರಿಗಿದ್ದವರನ್ನು ತಬ್ಬಿಕೊಂಡು, ಪರದೆ ಬೀಳುವ ಹೊತ್ತಿಗೆ ಎಲ್ಲ ಸರಿಹೋಗುವುದನ್ನು ನಮ್ಮ ಕೇಂದ್ರದ ನಾಟಕಗಳಲ್ಲಿ ಬೇಕಾದಷ್ಟು ನೋಡಿದ್ದೇನೆ. ನನಗೆ ಅದು ಬರುವುದಿಲ್ಲ. ನೀನು ಜಂಬಗಾತಿ, ನಾನು ಹೊಟ್ಟೆಕಿಚ್ಚಿನವಳು. ಇಬ್ಬರೂ ಹಾಗೇ ಇರೋಣ. ನಾನು ಹೇಳಬೇಕಾಗಿರುವುದು ಬೇರೆ.

ನಮ್ಮ ತಿಪಟೂರಿನ ಕಲಾಕೇಂದ್ರಕ್ಕೆ ಬರುವ ದೀಪಾವಳಿಗೆ ಇಪ್ಪತ್ತೈದು ತುಂಬುತ್ತದೆ. ಸ್ಮರಣ ಸಂಚಿಕೆ ತರುತ್ತಾರಂತೆ. ಈಗಿನ ಕಾರ್ಯದರ್ಶಿ ಮಂಜುನಾಥ ಮನೆಗೇ ಬಂದ. "ಹಳಬ್ರು ಅಂತ ಉಳಿದಿರೋದು ನೀವೊಬ್ರೇ ಮೇಡಂ. ಕೇಂದ್ರದ ಇತಿಹಾಸ ನೀವೇ ಬರ್ಕೊಡ್ಬೇಕು" ಅಂದ. ಜೊತೆಗೆ ಹಳೆಯ ವಾರ್ಷಿಕ ವರದಿಯ ಜೆರಾಕ್ಸ್ ತಂದಿದ್ದ — ಇದನ್ನೇ ಸ್ವಲ್ಪ ಉದ್ದ ಮಾಡಿದರೆ ಸಾಕಂತೆ. ಅದರ ಎರಡನೇ ಪುಟದಲ್ಲಿ ಒಂದು ಸಾಲಿದೆ: "ಕಲಾವಿದೆ ಬಣ್ಣದ ಅಡಿಗೆ ಬಳಸಿದ ಪ್ರೈಮರ್‌ನ ದೋಷದಿಂದ ಸಭಾಂಗಣದ ಭಿತ್ತಿಚಿತ್ರವು ಮೊದಲ ಬೇಸಿಗೆಯಲ್ಲೇ ಹಾಳಾಯಿತು." ಆ ಸಾಲು ಬರೆದವಳು ನಾನು. ಒಂದು ಸಲ ಬರೆದೆ ಅಷ್ಟೇ, ಆಮೇಲೆ ಪ್ರತಿ ವರ್ಷವೂ ಯಾರೋ ಒಬ್ಬರು ಅದನ್ನು ನೋಡಿಕೊಂಡು ಹಾಗೆಹಾಗೇ ಇಳಿಸುತ್ತಾ ಬಂದರು. ಈಗ ಬಣ್ಣದ ಕಾಗದದಲ್ಲಿ, ಗಟ್ಟಿ ರಟ್ಟಿನೊಳಗೆ, ಅದೇ ಸಾಲು ಮತ್ತೆ ಬರಬೇಕು — ನನ್ನ ಕೈಯಿಂದಲೇ.

ಸರಿ. ಇತಿಹಾಸ ತಾನೇ ಬೇಕು? ಬರೆಯುತ್ತೇನೆ, ತಗೊಳ್ಳಿ.

ನಮ್ಮ ಕೇಂದ್ರ ಮೊದಲು ಕೊಬ್ಬರಿ ಮಂಡಿ. ಮೂರು ತಲೆಮಾರು ಅಲ್ಲಿ ಕೊಬ್ಬರಿ ಚೀಲಗಳನ್ನು ಗೋಡೆಗೆ ಒರಗಿಸಿ ಪೇರಿಸಿದ್ದರು, ಹಿಂದಿನ ಭಾಗದಲ್ಲಿ ಎಣ್ಣೆ ಗಾಣ ಇತ್ತು. ಮಂಡಿಯ ಯಜಮಾನರಿಗೆ ಹಾಡು, ನಾಟಕ ಅಂದರೆ ಪ್ರಾಣ. ವ್ಯಾಪಾರ ನಿಲ್ಲಿಸಿದ ಮೇಲೆ ಕಟ್ಟಡವನ್ನು ಊರಿಗೆ ಬಿಟ್ಟುಕೊಟ್ಟರು. ಅದನ್ನು ಗುಡಿಸಿದವರು ಯಾರು? ವೇದಿಕೆಯ ಮೇಲೆ ಶಾಲು ಹೊದೆಸಿಕೊಂಡವರಲ್ಲ. ಆಗ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರಾಗಿದ್ದ ನಾನು ಗುಡಿಸಿದೆ. ಬಾವಲಿ ಹಿಕ್ಕೆ, ಮೂಲೆಮೂಲೆಯಲ್ಲಿ ಕೊಳೆತ ಗೋಣಿ, ಮೂಗಿಗೆ ಹೊಡೆಯುವ ಹಳೇ ಎಣ್ಣೆ ಕಮಟು. ಶಾಲೆ ಬಿಟ್ಟ ಮೇಲೆ ಸೆರಗು ಸಿಕ್ಕಿಸಿಕೊಂಡು ಎರಡು ತಿಂಗಳು ಉಜ್ಜಿದೆ. ನೀನು ಆವಾಗ ಎಲ್ಲಿದ್ದೆ? ಅಮ್ಮಸಂದ್ರದಲ್ಲಿ, ಸಿಮೆಂಟ್ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದ ನಿಮ್ಮಪ್ಪನ ಕ್ವಾರ್ಟರ್ಸಿನಲ್ಲಿ ಕೂತು ನಿನ್ನ ಚಿತ್ರ ನೀನು ಬರೆದುಕೊಂಡಿದ್ದೆ. ನಿನ್ನನ್ನು ಕೇಂದ್ರಕ್ಕೆ ಕರೆಸಿದ್ದೂ ನಾನೇ! ಹಾಸನದಲ್ಲಿ ಇಬ್ಬರೂ ಒಟ್ಟಿಗೆ ಚಿತ್ರಕಲೆ ಕಲಿತವರು ಅಂತ, ಜೊತೆಗೊಬ್ಬಳು ಇರಲಿ ಅಂತ.

ನೀನು ಬಂದೆ. ಬಂದು ಒಂದು ವಾರಕ್ಕೆ ಎಲ್ಲರೂ ನಿನ್ನ ಸುತ್ತ.

ಸಭಾಂಗಣದ ಉದ್ದನೆಯ ಗೋಡೆಗೆ ದೊಡ್ಡ ಚಿತ್ರ ಬರೆಸಬೇಕು ಅಂತ ಸಮಿತಿ ತೀರ್ಮಾನ ಮಾಡಿತು. ನಾನು ಸ್ಕೆಚ್ ಮಾಡಿಕೊಂಡು ಹೋಗಿದ್ದೆ — ನೆನಪಿದೆಯಾ? ಹದಿನೈದು ದಿನ ಕೂತು ಮಾಡಿದ್ದು. ನೀನು ಅದನ್ನು ಬೆಳಕಿಗೆ ಹಿಡಿದು ನೋಡಿ, ಎಲ್ಲರೆದುರಿಗೆ, "ಚೆನ್ನಾಗಿದೆ ಬುಡೇ ದಾಕ್ಷಿ, ಯಾವುದಾದ್ರೂ ಬಟ್ಟೆ ಅಂಗಡಿ ಕ್ಯಾಲೆಂಡರಿಗೆ ಆಗುತ್ತೆ" ಅಂದೆ. ಮೂಡಲಪಾಯ ಯಕ್ಷಗಾನದ ಭಾಗವತರು ನಕ್ಕರು. ತಬಲ ಮೇಷ್ಟ್ರು ನಕ್ಕರು. ಅಧ್ಯಕ್ಷರು — ನಿವೃತ್ತ ಹೆಡ್ಮಾಸ್ತರು, ಪಾಪ, ಕೆಟ್ಟವರಲ್ಲ — ನಗು ತಡೆದುಕೊಂಡು, "ದಾಕ್ಷಾಯಿಣಮ್ಮನೋರ ಅಕ್ಷರ ಮುತ್ತಿನ ಹಾಗಿದೆ. ಅವರು ಬೋರ್ಡು ಬರೀಲಿ, ಗೋಡೆ ಕುಸುಮನೋರು ಬರೀಲಿ" ಅಂದರು. ಎರಡು ತಿಂಗಳು ಬಾವಲಿ ಹಿಕ್ಕೆ ಬಾಚಿದವಳಿಗೆ ಬೋರ್ಡು! ಮೈಯೆಲ್ಲ ಉರಿದುಹೋಯಿತು. ಈಗ ಬರೆಯುವಾಗಲೂ ಉರಿಯುತ್ತಿದೆ, ಸುಳ್ಳು ಯಾಕೆ ಹೇಳಲಿ.

ಆದರೆ ಆ ಉರಿಯೇ ಕಾರಣ ಅಂತ ಹೇಳಿ ಜಾರಿಕೊಳ್ಳುವುದಿಲ್ಲ. ಅವಮಾನ ಯಾರಿಗೆ ಆಗುವುದಿಲ್ಲ? ಅವರೆಲ್ಲ ಹೀಗೆ ಮಾಡುತ್ತಾರಾ?

ಮಂಡಿಯ ಗೋಡೆಯ ಸಂಗತಿ ನಮ್ಮಂಥ ಮಂಡಿ ಮನೆಯವರಿಗೆ ಮಾತ್ರ ಗೊತ್ತು. ಕೊಬ್ಬರಿ ಚೀಲ ಒರಗಿದಲ್ಲೆಲ್ಲ ಗೋಡೆ ಎಣ್ಣೆ ಕುಡಿದಿರುತ್ತದೆ. ಮೇಲಿನ ಗಾರೆ ಕೆರೆದು, ಸೋಡಾ ಹಾಕಿದ ಬಿಸಿನೀರಲ್ಲಿ ತೊಳೆದು, ಹೊಸ ಗಾರೆ ಮೆತ್ತಿದರೂ ಒಳಗಿನ ಇಟ್ಟಿಗೆಯಿಂದ ಅದು ಮತ್ತೆ ಬರುತ್ತದೆ. ಒಂದು ಬೇಸಿಗೆ, ಕೆಲವು ಸಲ ಎರಡು ಬೇಸಿಗೆ ಹಾಗೇ ಬಿಡಬೇಕು. ಮಳೆಗಾಲದಲ್ಲಿ, ಚಳಿಯಲ್ಲಿ ನೋಡಿದರೆ ಏನೂ ಕಾಣುವುದಿಲ್ಲ, ಮುಟ್ಟಿದರೆ ಒಣಒಣ. ಅದಕ್ಕೇ ನಮ್ಮ ತಾತ ಹಳೆ ಮಂಡಿ ಕೊಳ್ಳುವಾಗ ಗೋಡೆಗೆ ನ್ಯೂಸ್ ಪೇಪರ್ ಇಟ್ಟು, ಮೇಲೆ ಕೆಂಡದ ಇಸ್ತ್ರಿಪೆಟ್ಟಿಗೆ ಒತ್ತಿ ನೋಡುತ್ತಿದ್ದರು. ಎಣ್ಣೆ ಇದ್ದರೆ ಪೇಪರಿಗೆ ಇಳಿಯುತ್ತದೆ. ನಮ್ಮ ಮನೆಯ ಮಂಡಿಯನ್ನು ವಾಸದ ಮನೆ ಮಾಡಿದಾಗ ನಮ್ಮಪ್ಪ ಇದೇ ಪರೀಕ್ಷೆ ಮಾಡಿ, ಸುಣ್ಣ ಹೊಡೆಯಲು ಎರಡು ವರ್ಷ ಕಾದರು.

ನಿನಗೆ ಇದು ಗೊತ್ತಿರಲಿಲ್ಲ. ಗೊತ್ತಿಲ್ಲ ಅಂತ ಒಪ್ಪಿಕೊಂಡೇ ನನ್ನನ್ನು ಕೇಳಿದೆ. ಅಷ್ಟು ಜಂಬದವಳು, ಅದೊಂದು ವಿಷಯಕ್ಕೆ ನನ್ನ ಹತ್ತಿರ ಬಂದೆ. "ಸಿಮೆಂಟಾಗಿದ್ರೆ ನಾನೇ ಹೇಳ್ತಿದ್ದೆ ಕಣೇ. ಎಣ್ಣೆ ಗೋಡೆ ನಂಗೆ ತಿಳಿಯಲ್ಲ. ನೀನು ಮಂಡಿ ಮನೆ ಮಗಳು, ನೋಡಿ ಹೇಳು. ನೀನು ಆಗಬಹುದು ಅಂದ್ರೆ ಶುರು ಮಾಡ್ತೀನಿ." ಗೌರಿಹಬ್ಬ ಕಳೆದು ನಾಲ್ಕು ದಿನವಾಗಿತ್ತು. ನೀನು ಬ್ರಷ್ ತರಲು ಬಸ್ ಸ್ಟ್ಯಾಂಡ್ ಕಡೆ ಹೋದೆ. ನಾನು ಎದುರಿಗಿದ್ದ ಇಸ್ತ್ರಿ ಗಾಡಿಯವನ ಹತ್ತಿರ ಪೆಟ್ಟಿಗೆ ಇಸಿದುಕೊಂಡು ಒಳಗೆ ಬಂದೆ. ಮಧ್ಯಾಹ್ನ, ಸಭಾಂಗಣದಲ್ಲಿ ಯಾರೂ ಇರಲಿಲ್ಲ. ಪೇಪರ್ ಇಟ್ಟೆ, ಒತ್ತಿದೆ. ತೆಗೆದು ನೋಡಿದರೆ ಬೋಂಡ ಕಟ್ಟಿಕೊಟ್ಟ ಪೇಪರಿನ ಹಾಗಿತ್ತು, ಹಿಂದಿನ ಪುಟದ ಅಕ್ಷರವೆಲ್ಲ ಮುಂದಕ್ಕೆ ಕಾಣುತ್ತಿತ್ತು. ಇನ್ನೂ ಎರಡು ಕಡೆ ಒತ್ತಿದೆ. ಅಲ್ಲೂ ಹಾಗೇ.

ಆ ಪೇಪರುಗಳನ್ನು ನಾಲ್ಕಾಗಿ ಮಡಿಸಿ ನನ್ನ ಚೀಲಕ್ಕೆ ಹಾಕಿಕೊಂಡೆ. ಮಡಿಸುವಾಗಲೇ ನನಗೆ ತಿಳಿದಿತ್ತು — ತೋರಿಸುವ ಉದ್ದೇಶವಿದ್ದವಳು ಮಡಿಸಿ ಯಾಕೆ ಬಚ್ಚಿಡುತ್ತಾಳೆ?

ನೀನು ಬಂದೆ. ಬಿಸಿಲಿಗೆ ಕೆಂಪಾಗಿದ್ದ ಮುಖ, ಕೈಯಲ್ಲಿ ಬ್ರಷ್ಷಿನ ಕಟ್ಟು. "ಏನಾಯ್ತು?" ಅಂತ ಕೇಳಿದೆ. ನಾನು ಹೇಳಿದ್ದನ್ನು ಮೊದಲೇ ಬರೆದಿದ್ದೇನೆ. ಅದನ್ನು ಹೇಳುವಾಗ ನನ್ನ ದನಿ ನಡುಗಲಿಲ್ಲ. ನೀನು ಖುಷಿಯಲ್ಲಿ ನನ್ನ ಕೆನ್ನೆ ಹಿಂಡಿದೆ.

ದೀಪಾವಳಿಗೆ ಉದ್ಘಾಟನೆ ಅಂತ ಅಧ್ಯಕ್ಷರು ಆಗಲೇ ಊರಿಗೆಲ್ಲ ಸಾರಿಬಿಟ್ಟಿದ್ದರು. ಇನ್ನೊಂದು ಬೇಸಿಗೆ ಕಾಯಬೇಕು ಅಂದಿದ್ದರೆ ಅವರು ಕೇಳುತ್ತಿದ್ದರೋ ಇಲ್ಲವೋ — ಈ ಮಾತನ್ನು ನನಗೆ ನಾನೇ ಎಷ್ಟೋ ವರ್ಷ ಹೇಳಿಕೊಂಡು ನೆಮ್ಮದಿಯಾಗಿ ಊಟ ಮಾಡಿದ್ದೇನೆ. ಅವಸರ ಅವರದ್ದು ನಿಜ. ಸುಳ್ಳು ಮಾತ್ರ ನನ್ನದು.

ನೀನು ಬರೆದ ಚಿತ್ರ... ಇದನ್ನು ಹೇಳುವುದು ನನಗೆ ಹಲ್ಲು ಕೀಳಿಸಿಕೊಂಡಷ್ಟು ಕಷ್ಟ. ಅಂಥ ಚಿತ್ರವನ್ನು ನಾನು ಈ ಜನ್ಮದಲ್ಲಿ ಬರೆಯಲಾರೆ. ಅಟ್ಟದ ಮೇಲಿಂದ ಕಾಯಿ ಇಳಿಸುವ ಹೆಂಗಸರು, ಕೈಯಿಂದ ಕೈಗೆ, ಗೋಡೆಯ ಈ ತುದಿಯಿಂದ ಆ ತುದಿಯವರೆಗೆ. ಒಂದೊಂದು ಮುಖವೂ ನಮ್ಮ ಸೀಮೆಯದ್ದೇ. ಮಾಯಸಂದ್ರ, ಅರಳಗುಪ್ಪೆ, ಹುಳಿಯಾರು ಕಡೆಯೆಲ್ಲ ತಿರುಗಿ, ಕಾಯಿ ಸುಲಿಯುವ ಕಣದಲ್ಲಿ ಕೂತು, ಅವರ ಮುಖವನ್ನು ಕಾಗದಕ್ಕೆ ಇಳಿಸಿಕೊಂಡು ಬಂದಿದ್ದೆ ನೀನು. ಉದ್ಘಾಟನೆಯ ದಿನ ಆ ಹೆಂಗಸರು ಟ್ರ್ಯಾಕ್ಟರಿನಲ್ಲಿ ಬಂದರು. ಅರಳಗುಪ್ಪೆಯ ಗೌರಮ್ಮ ತನ್ನ ಮುಖ ಹುಡುಕಿ, "ಅಯ್ಯ, ನಾನೇ ಕಣ್ರಮ್ಮಾ! ಮೂಗುಬಟ್ಟೂ ನಂದೇ!" ಅಂತ ಕೂಗಿ, ಗೋಡೆಗೆ ಕೈಮುಗಿದಳು. ಎಲ್ಲರೂ ಚಪ್ಪಾಳೆ ಹೊಡೆದರು, ನಾನೂ ಹೊಡೆದೆ. ಹೊಡೆಯುತ್ತಾ, ಬೇಸಿಗೆ ಬರಲಿ ತಾಳು ಅಂದುಕೊಂಡೆ. ಹೌದು, ಅಂದುಕೊಂಡೆ. ಆ ಹೊತ್ತಿಗೂ ನನ್ನ ಮನಸ್ಸು ಕರಗಲಿಲ್ಲ.

ಶಿವರಾತ್ರಿ ಕಳೆದ ಮೇಲೆ ಬಿಸಿಲು ಏರಿತು. ಮೊದಲು ಅಲ್ಲಲ್ಲಿ ಹಳದಿ ಕಲೆ. ನೀನು ಧೂಳು ಅಂದುಕೊಂಡು ಒರೆಸಿದೆ. ಯುಗಾದಿ ಹೊತ್ತಿಗೆ ಬಣ್ಣ ಹಪ್ಪಳದ ಹಾಗೆ ಉಬ್ಬಿತು. ಆಮೇಲೆ ಉದುರಲು ಶುರುವಾಯಿತು. ಚೀಲ ಪೇರಿಸುತ್ತಿದ್ದ ಎತ್ತರಕ್ಕೇ ಎಣ್ಣೆ ಹೆಚ್ಚು, ಸರಿಯಾಗಿ ಆ ಎತ್ತರಕ್ಕೇ ನೀನು ಮುಖಗಳನ್ನು ಬರೆದಿದ್ದೆ. ಸೀರೆ ಉಳಿಯಿತು, ಕಾಲು ಉಳಿಯಿತು, ಮುಖಗಳು ಹೋದವು. ನೀನು ಏಣಿ ಹತ್ತಿಕೊಂಡು ಉದುರಿದಲ್ಲೆಲ್ಲ ಮತ್ತೆ ಬರೆದೆ, ಅದು ಮತ್ತೆ ಎದ್ದಿತು. ಹದಿನೈದು ದಿನ ಹೀಗೇ. ನಾನು ಕೆಳಗೆ ಏಣಿ ಹಿಡಿದುಕೊಂಡು ನಿಂತಿದ್ದೆ — ಬೀಳದ ಹಾಗೆ!

ಗೌರಮ್ಮ ಒಂದು ದಿನ ಬಂದಳು. ಆ ಬೇಸಿಗೆಯಲ್ಲೇ ಅವಳ ಗಂಡ ತೆಂಗಿನ ಮರದಿಂದ ಬಿದ್ದು ತೀರಿಕೊಂಡಿದ್ದ. ತನ್ನ ಮುಖವಿದ್ದ ಜಾಗ ನೋಡಿದಳು. ಬರೀ ಗಾರೆ. ಅವಳು ನಿನ್ನ ಮೇಲೆ ಮಣ್ಣು ತೂರಿ, "ನನ್ನ ಮುಖ ಉದುರಿಸಿ, ಹಣೆ ಬೋಳು ಮಾಡ್ದಲ್ಲೇ ಮುಂಡೇದೇ!" ಅಂತ ಕೂಗಿದಳು. ನಾನು ಅವಳನ್ನು ಸಮಾಧಾನ ಮಾಡಿ, ಕಾಫಿ ಕುಡಿಸಿ, ಬಸ್ ಹತ್ತಿಸಿ ಬಂದೆ. ಅವಳ ಆ ಬೈಗುಳ ನನಗೆ ಬೀಳಬೇಕಾಗಿದ್ದದ್ದು.

ಸಮಿತಿ ಸೇರಿತು. "ಶುರು ಮಾಡೋಕೆ ಮುಂಚೆ ಗೋಡೆ ನೋಡಿದ್ರೇನ್ರೀ?" ಅಂತ ಅಧ್ಯಕ್ಷರು ಕೇಳಿದರು. ನೀನು ನನ್ನ ಕಡೆ ತಿರುಗಿದೆ. ಬೊಟ್ಟು ಮಾಡಿ ತೋರಿಸಲು ಅಲ್ಲ, ನಾನೇ ಹೇಳುತ್ತೇನೆ ಅಂತ ಕಾದೆ. ನಾನು ಏನು ಹೇಳಿದೆ? "ನಾನು ಬೋರ್ಡು ಬರೆಯೋಳು ಸಾರ್. ಗೋಡೆ ಅವರದ್ದು." ಇಷ್ಟೇ. ನೀನು ಜಗಳ ತೆಗೆಯುತ್ತೀಯ ಅಂತ ಸೊಂಟ ಕಟ್ಟಿಕೊಂಡು ಕೂತಿದ್ದೆ, ಉತ್ತರಗಳನ್ನೆಲ್ಲ ಜೋಡಿಸಿಟ್ಟುಕೊಂಡಿದ್ದೆ. ನೀನು ತೆಗೆಯಲಿಲ್ಲ. ನಾನು ಗೋಡೆ ನೋಡಿಯೇ ಹೇಳಿದ್ದೇನೆ, ನನ್ನ ಮಾತು ಸರಿಯಾಗಿಯೇ ಇತ್ತು ಅಂತ ನೀನು ನಂಬಿದ್ದೆ. ತಲೆ ತಗ್ಗಿಸಿ, "ನನ್ನ ಪ್ರೈಮರ್ರೇ ಸರಿಯಾಗಲಿಲ್ಲವೇನೋ" ಅಂದೆ. ನೀನಾಗಿಯೇ ನನ್ನ ಕೈಗೆ ಆ ಸಾಲು ಕೊಟ್ಟೆ. ಆ ವರ್ಷದ ವರದಿ ಬರೆಯುವ ಕೆಲಸ ನನ್ನದಾಗಿತ್ತು, ನನ್ನ ಮುತ್ತಿನಂಥ ಅಕ್ಷರದಲ್ಲಿ ಅದನ್ನೇ ಬರೆದೆ.

ನೀನು ಕೇಂದ್ರ ಬಿಟ್ಟೆ. ಚಿತ್ರಕಲಾ ವಿಭಾಗದ ಸಂಚಾಲಕಿಯ ಕೆಲಸ ನಿನಗೆ ಆಗಬೇಕಾಗಿದ್ದದ್ದು, ನನಗೆ ಬಂತು. ಗೋಡೆಗೆ ನಾಟಕದವರು ಕರಿ ಪರದೆ ಇಳಿಬಿಟ್ಟರು. ಅದು ಇವತ್ತಿಗೂ ಹಾಗೇ ಇದೆ.

ಇನ್ನು ಕೇಂದ್ರದ ಸಾಧನೆ — ಸಂಚಿಕೆಗೆ ಬೇಕಲ್ಲ. ಸೋಮವಾರ, ಬುಧವಾರ ಮೂಡಲಪಾಯದ ತಾಲೀಮು. ಶುಕ್ರವಾರ ತಂಬೂರಿ ಹಿಡಿದು ತತ್ವಪದ. ಶನಿವಾರ ಸಿನಿಮಾ, ಮುಗಿದ ಮೇಲೆ ಅರ್ಧ ಗಂಟೆ ವಾದ. ಭಾನುವಾರ ನನ್ನ ಚಿತ್ರದ ತರಗತಿ. ಬೇಸಿಗೆ ಬಂದರೆ ಮಕ್ಕಳ ಶಿಬಿರ, ತೊಗಲುಗೊಂಬೆ, ಮಣ್ಣಿನ ಕೆಲಸ. ಎಲ್ಲರಿಗೂ ಒಂದೇ ಸಭಾಂಗಣ, ಅದಕ್ಕಾಗಿ ಕಿತ್ತಾಟ. ಭಾಗವತರ ತಾಳದ ಸದ್ದಿಗೆ ನಾನು ಹೋಗಿ ಬೈದದ್ದು, ಅವರು ಮುನಿಸಿಕೊಂಡು ಎರಡು ತಿಂಗಳು ಬಾರದೇ ಇದ್ದದ್ದು — ಎಲ್ಲ ಉಂಟು. ನನ್ನ ಕೈಯಲ್ಲಿ ಕಲಿತವರು ಎಷ್ಟೋ ಜನ ಡ್ರಾಯಿಂಗ್ ಟೀಚರಾಗಿದ್ದಾರೆ. ಒಳ್ಳೆಯ ಕೆಲಸ ಮಾಡಿದ್ದೇನೆ, ಇಲ್ಲ ಅನ್ನುವುದಿಲ್ಲ. ಆದರೆ ಪ್ರತಿ ತರಗತಿಯನ್ನೂ ನಿನ್ನ ಕುರ್ಚಿಯಲ್ಲಿ ಕೂತು ಮಾಡಿದ್ದೇನೆ.

ಇಷ್ಟು ವರ್ಷ ಸುಮ್ಮನಿದ್ದವಳು ಈಗ ಯಾಕೆ ಬಾಯಿ ಬಿಡುತ್ತಿದ್ದೀಯ ಅನ್ನುತ್ತೀಯ. ಹೇಳುತ್ತೇನೆ. ಮಂಜುನಾಥ ಬಂದುಹೋದ ಮರುವಾರ ತುರುವೇಕೆರೆಗೆ ಒಂದು ಗೃಹಪ್ರವೇಶಕ್ಕೆ ಬಂದಿದ್ದೆ. ಉಡುಗೊರೆ ಸುತ್ತಲು ಬಣ್ಣದ ಕಾಗದ ಬೇಕಾಗಿತ್ತು. ಹತ್ತಿರದ ಸ್ಟೇಷನರಿ ಅಂಗಡಿಗೆ ಬಂದ ಮೇಲೆ ತಿಳಿಯಿತು, ಅದು ನಿನ್ನದು ಅಂತ. ನೀನು ಒಳಗೆ ಜೆರಾಕ್ಸ್ ಮೆಷಿನ್ನಿನ ಹತ್ತಿರ ಬಗ್ಗಿದ್ದೆ, ನನ್ನನ್ನು ನೋಡಲಿಲ್ಲ. ಒಬ್ಬ ಹೆಂಗಸು ಬಂದು, ಮಗಳ ಸೀಮಂತಕ್ಕೆ ಥರ್ಮಾಕೋಲ್ ಬೋರ್ಡಿನ ಮೇಲೆ ಎರಡು ನವಿಲು ಬರೆದುಕೊಡಿ ಅಂತ ಕೇಳಿದಳು. "ನೀವು ಚೆನ್ನಾಗಿ ಬರೀತೀರಂತಲ್ಲ ಕಣ್ರೀ, ನಮ್ಮತ್ತೆ ಹೇಳ್ತಿದ್ರು." ನೀನು ತಲೆ ಎತ್ತದೆ ಹೇಳಿದೆ: "ಬರೆಯೋದು ಬಿಟ್ಟು ಬಾಳ ವರ್ಷ ಆಯ್ತು ಕಣ್ರೀ. ನನ್ನ ಕೈಲಿ ಬರೆದಿದ್ದು ನಿಲ್ಲಲ್ಲ."

ನಾನು ಕಾಗದ ತೆಗೆದುಕೊಳ್ಳದೆ ಬಂದುಬಿಟ್ಟೆ. ಬಸ್ಸಿನಲ್ಲಿ ಕೂತು ಅತ್ತೆ. ನಿನ್ನ ಮೇಲಿನ ಕನಿಕರಕ್ಕಲ್ಲ, ತಪ್ಪು ತಿಳಿಯಬೇಡ. ಭಯಕ್ಕೆ. ನಾನು ಒಂದು ಗೋಡೆ ಕೆಡಿಸಿದೆ, ಒಂದು ಕುರ್ಚಿ ಕಿತ್ತುಕೊಂಡೆ ಅಂತ ಲೆಕ್ಕ ಹಾಕಿಕೊಂಡಿದ್ದೆ. ನೀನು ಎಲ್ಲೋ ಬೇರೆ ಕಡೆ ಬರೆಯುತ್ತಿರುತ್ತೀಯ, ನನ್ನನ್ನು ಬೈಯುತ್ತಾ ಬರೆಯುತ್ತಿರುತ್ತೀಯ ಅಂತ ಅಂದುಕೊಂಡಿದ್ದೆ. ನಿನ್ನ ಕೈಯ ಮೇಲೆ ನಿನಗೇ ಇದ್ದ ನಂಬಿಕೆಯನ್ನು ಕೊಂದಿದ್ದೇನೆ ಅಂತ — ಅದು ನನಗೆ ಗೊತ್ತಿರಲಿಲ್ಲ. ಇಷ್ಟು ವರ್ಷದಲ್ಲಿ ಒಂದು ಸಲವಾದರೂ ಬಂದು ನೋಡಿದ್ದರೆ ಗೊತ್ತಾಗುತ್ತಿತ್ತು. ಬರಲಿಲ್ಲ.

ಇಷ್ಟನ್ನು ಬರೆದು ಮಂಜುನಾಥನಿಗೆ ಕೊಟ್ಟೆ. ನಿಂತಲ್ಲೇ ಓದಿದ. "ಇದನ್ನ ಹಾಕಕ್ಕಾಗಲ್ಲ ಮೇಡಂ. ಹಬ್ಬದಂಥ ಸಂಚಿಕೆ. ಹಳೇದೆಲ್ಲ ಈಗ ಯಾಕೆ ಕೆದಕ್ತೀರಿ?" ಅಂದ. "ಹಾಕದಿದ್ರೆ ಬೇರೆ ಇತಿಹಾಸ ನನ್ ಹತ್ರ ಇಲ್ಲ ಕಣಪ್ಪ. ಆ ಪ್ರೈಮರ್ ಸಾಲು ಹಾಕಿ ನೋಡು, ಸಂಚಿಕೆ ಬಿಡುಗಡೆ ದಿನ ಮೈಕು ಕಿತ್ಕೊಂಡು ಇದನ್ನ ಓದ್ತೀನಿ" ಅಂದೆ. ಸಂಚಾಲಕಿ ಸ್ಥಾನಕ್ಕೆ ರಾಜೀನಾಮೆಯನ್ನೂ ಅಲ್ಲೇ ಬರೆದುಕೊಟ್ಟೆ. ಅವನು ಸಮಿತಿಯನ್ನು ಕೇಳುತ್ತೇನೆ ಅಂತ ಹೋದ. ಸಮಿತಿ ಏನಾದರೂ ಹೇಳಿಕೊಳ್ಳಲಿ, ಓದುವುದಂತೂ ಓದುತ್ತೇನೆ.

ಇನ್ನೊಂದು ಪ್ರತಿಯನ್ನು ಮೊನ್ನೆ ನಿನ್ನ ಅಂಗಡಿಗೆ ತಂದುಕೊಟ್ಟೆ. ಇನ್ನು ಮುಂದಿನದನ್ನು ಅಲ್ಲಿಂದ ಬಂದ ಮೇಲೆ ಬರೆಯುತ್ತಿದ್ದೇನೆ.

ನೀನು ಗಿರಾಕಿಗಳ ನಡುವೆ, ಕೌಂಟರಿಗೆ ಒರಗಿ ನಿಂತು ಓದಿದೆ. ಯಾರೋ ಪೆನ್ನು ಕೇಳಿದರು, ಕೊಟ್ಟೆ. ಯಾರೋ ಆಧಾರ್ ಕಾರ್ಡಿನ ಜೆರಾಕ್ಸ್ ಕೇಳಿದರು, ತೆಗೆದುಕೊಟ್ಟು ಬಂದು ಮತ್ತೆ ಅದೇ ಪುಟ ಹಿಡಿದೆ. ನಾನು ಮೆಟ್ಟಿಲ ಕೆಳಗೆ ನಿಂತಿದ್ದೆ. ನೀನು ಕೂತ್ಕೋ ಅನ್ನಲಿಲ್ಲ. ಬೈಯುತ್ತೀಯ ಅಂತ ಕಾದೆ. ಚಪ್ಪಲಿ ಎಸೆದರೂ ಎಸೆಯಲಿ ಅಂದುಕೊಂಡೇ ಬಂದಿದ್ದೆ. ನೀನು ಓದಿ ಮುಗಿಸಿ ಕಾಗದಗಳನ್ನು ಮಡಿಸಿದೆ, ಬಹಳ ಹೊತ್ತು ನಿನ್ನ ಬಲಗೈಯನ್ನೇ ನೋಡುತ್ತಾ ನಿಂತೆ. ಆಮೇಲೆ ಒಂದೇ ಮಾತು ಕೇಳಿದೆ.

"ನನ್ನ ಪ್ರೈಮರ್ ಸರಿಯಾಗಿತ್ತಾ?"

"ಸರಿಯಾಗಿತ್ತು ಕಣೇ" ಅಂದೆ ನಾನು. "ಎಲ್ಲ ಸರಿಯಾಗಿತ್ತು."

ನೀನು ಕೌಂಟರಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಆಮೇಲೆ, "ಹೋಗು" ಅಂದೆ. ನಮ್ಮ ಕಡೆ ಎಂಥ ಹಗೆಯವರು ಮನೆಗೆ ಬಂದರೂ "ಹೋಗಿ ಬಾ" ಅಂತ ಕಳಿಸುತ್ತಾರೆ. ನೀನು "ಬಾ" ಅನ್ನಲಿಲ್ಲ. ನಾನೂ ಕಾಯಲಿಲ್ಲ, ಇಳಿದು ಬಸ್ ಸ್ಟ್ಯಾಂಡಿಗೆ ಬಂದೆ.